ಸೊಂಟದ ಪಕ್ಕದ ನೋವು, ಫಿಸಿಯೋ, ಮತ್ತೆ ಓಟ: ನನ್ನ ಅನುಭವ

ಓಡುವವರಿಗೆ ಮಂಡಿ ನೋವು ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಬಂದಿದ್ದು ಸೊಂಟದ ಪಕ್ಕದಲ್ಲಿ, ತೊಡೆಯ ಮೇಲ್ತುದಿಯಲ್ಲಿ ಕೈಗೆ ಸಿಗುವ ಉಬ್ಬು ಮೂಳೆ ಇದೆಯಲ್ಲ, ಅದರ ಮೇಲೆ. ಹಾಫ್ ಮ್ಯಾರಥಾನ್‌ಗೆ ಅಂತ ಓಟ ಜಾಸ್ತಿ ಮಾಡಿದ್ದೆ, ವಾರದ ಕೊನೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಬೇರೆ. ಓಡುವಾಗ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಮಾತ್ರ ಎಚ್ಚರ ಆಗಿಬಿಡುತ್ತಿತ್ತು, ತೊಡೆಯ ಹೊರಬದಿಯಲ್ಲಿ ಮಂಡಿಯವರೆಗೂ ಸೆಳೆತ.

ಅತ್ತೆ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವು, ಅಂದರು. ಜೊತೆಗೆ ಓಡುವವರು ಸ್ಟ್ರೆಚ್ ಮಾಡು ಅಂದರು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಕೀಲು ಚೆನ್ನಾಗಿದೆ, ಬೇಕಿದ್ದರೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡೋಣ, ಇಲ್ಲಾಂದ್ರೆ ಫಿಸಿಯೋಥೆರಪಿ ಮಾಡಿಸಿ ಅಂದರು. ನಾನು ಎರಡನೆಯದನ್ನು ಆರಿಸಿಕೊಂಡೆ.

ಫಿಸಿಯೋ ಮೊದಲು ಕೇಳಿದ್ದು, "ಮೇಡಂ, ಕಾಲುಚೀಲ ಹಾಕಿಕೊಳ್ಳೋದು ಕಷ್ಟ ಆಗುತ್ತಾ?" ಇಲ್ಲ ಅಂದೆ. ಕೀಲೇ ಸವೆದಿದ್ದರೆ ಸಾಮಾನ್ಯವಾಗಿ ಅದು ಕಷ್ಟ ಆಗುತ್ತಂತೆ. ಆಮೇಲೆ ಆ ಉಬ್ಬನ್ನು ಒತ್ತಿ ನೋಡಿದರು, ನೋವಾಯಿತು. ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲಿಸಿದರು. ಅರ್ಧಕ್ಕೇ ಅದೇ ನೋವು ಶುರು. ಗ್ಲೂಟಿಯಲ್ ಟೆಂಡಿನೋಪಥಿ ಅಂದರು. ಪೃಷ್ಠದ ಸ್ನಾಯುಗಳನ್ನು ಆ ಮೂಳೆಗೆ ಕಟ್ಟಿರುವ ಟೆಂಡನ್ ಹದಗೆಟ್ಟಿರುವುದು. ಮೊದಲೆಲ್ಲ ಇದನ್ನು ಬರ್ಸೈಟಿಸ್ (ಮೂಳೆಯ ಪಕ್ಕದ ದ್ರವದ ಚೀಲದ ಉರಿಯೂತ) ಅಂತಲೇ ಕರೆಯುತ್ತಿದ್ದರು. 40 ದಾಟಿದ ಹೆಂಗಸರಲ್ಲಿ ಇದು ಹೆಚ್ಚು, ನಾನು ಸರಿಯಾಗಿ ಆ ಗುಂಪಿನವಳು.

ಈಗ ಮುಖ್ಯ ವಿಷಯ. ಕಾಲು ದೇಹದ ನಡುಗೆರೆ ದಾಟಿ ಆಚೆ ಪಕ್ಕಕ್ಕೆ ಹೋದಾಗಲೆಲ್ಲ, ತೊಡೆಯ ಹೊರಬದಿಯ ಪಟ್ಟಿ ಬಿಗಿಯಾಗಿ ಈ ಟೆಂಡನ್ ಅನ್ನು ಮೂಳೆಗೆ ಒತ್ತಿ ಹಿಡಿಯುತ್ತದೆ. ಎಲ್ಲರೂ ಹೇಳುತ್ತಿದ್ದ ಆ ಸ್ಟ್ರೆಚ್, ಅಂದರೆ ಮಂಡಿಯನ್ನು ಎದುರು ಭುಜದ ಕಡೆ ಎಳೆಯುವುದು, ಮಾಡುವುದೂ ಅದನ್ನೇ. ಹಾಗಾಗಿ ಮೊದಲ ದಿನವೇ ಅದಕ್ಕೆ ಕತ್ತರಿ.

ಜೊತೆಗೆ ಇಡೀ ದಿನದ ಅಭ್ಯಾಸಗಳಿಗೂ ಕತ್ತರಿ, ನಿಜ ಹೇಳಬೇಕೆಂದರೆ ವ್ಯಾಯಾಮಕ್ಕಿಂತ ಇದೇ ಕಷ್ಟದ ಭಾಗ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ. ಒಲೆ ಮುಂದೆ ಒಂದೇ ಕಾಲಿಗೆ ಭಾರ ಬಿಟ್ಟು ಸೊಂಟ ವಾಲಿಸಿ ನಿಲ್ಲುವ ಹಾಗಿಲ್ಲ, ಅದೂ ದೋಸೆ ಹೊಯ್ಯುತ್ತಾ ಅರ್ಧ ಗಂಟೆ ನಿಂತಾಗ ಯಾರಿಗೆ ನೆನಪಿರುತ್ತೆ ಹೇಳಿ. ತಂಗಿಯ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವುದು ನಿಂತಿತು. ತಗ್ಗಿನ ಸೋಫಾಗೆ ಒಂದು ದಿಂಬು ಬಂತು, ಮಂಡಿ ಸೊಂಟಕ್ಕಿಂತ ಮೇಲೆ ಹೋಗಬಾರದು ಅಂತ. ರಾತ್ರಿ ನೋವಿಲ್ಲದ ಮಗ್ಗುಲಿಗೆ ಮಲಗಿದರೂ ಎರಡು ಕಾಲಿನ ಮಧ್ಯೆ ಮಂಡಿಯಿಂದ ಪಾದದವರೆಗೂ ದಪ್ಪ ದಿಂಬು ಬೇಕು, ಇಲ್ಲದಿದ್ದರೆ ಮೇಲಿನ ಕಾಲು ಮುಂದಕ್ಕೆ ಜಾರಿ ಮತ್ತೆ ಅದೇ ಒತ್ತಡ. ನೆಲದ ಮೇಲೆ ಚಕ್ಕಳಮಕ್ಕಳ ಕೂರಲು ಮಾತ್ರ, ನೋವು ಬರದಿದ್ದರೆ ಪರವಾಗಿಲ್ಲ ಅಂದರು. ಮೊದಲು ಕಡಿಮೆಯಾಗಿದ್ದು ರಾತ್ರಿಯ ನೋವು, ಅದೂ ವ್ಯಾಯಾಮಕ್ಕೆ ಇನ್ನೂ ಫಲ ಸಿಗುವ ಮುಂಚೆಯೇ.

ವ್ಯಾಯಾಮ ಶುರುವಾಗಿದ್ದು ನಗು ಬರುವಷ್ಟು ಸುಲಭವಾಗಿ. ಅಂಗಾತ ಮಲಗಿ, ತೊಡೆಗಳಿಗೆ ದುಪಟ್ಟಾ ಸುತ್ತಿ, ಮೆಲ್ಲಗೆ ಹೊರಕ್ಕೆ ಒತ್ತಿ ಹಿಡಿಯುವುದು. ಕಾಲು ಅಲುಗಾಡುವುದೇ ಇಲ್ಲ. ಆಮೇಲೆ ಬ್ರಿಡ್ಜ್, ಅಂದರೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು, ಮೊದಲು ಎರಡು ಕಾಲಲ್ಲಿ, ಕ್ರಮೇಣ ಒಂದರಲ್ಲಿ. ಕುರ್ಚಿಯಿಂದ ನಿಧಾನಕ್ಕೆ ಏಳುವುದು, ಕೂರುವುದು. ಕಾಲುಗಳಿಗೆ ವ್ಯಾಯಾಮದ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಪಕ್ಕಕ್ಕೆ ಹೆಜ್ಜೆ. ಕೊನೆಗೆ ಕನ್ನಡಿ ಮುಂದೆ ಮೆಟ್ಟಿಲು ಹತ್ತುವುದು, ಸೊಂಟದ ಒಂದು ಪಕ್ಕ ಕುಸಿಯದ ಹಾಗೆ. ಭಾರದ ವ್ಯಾಯಾಮ ದಿನ ಬಿಟ್ಟು ದಿನ, ಹಗುರದ್ದು ದಿನಾ. ನೋವಿಗೆ ಹತ್ತರಲ್ಲಿ ಅಂಕ ಕೊಡಿ ಅನ್ನುತ್ತಿದ್ದರು. ಮೂರರವರೆಗೆ ಇದ್ದರೆ ಮುಂದುವರಿಸಬಹುದು, ಆದರೆ ಆ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ಜಾಸ್ತಿಯಾದರೆ ಭಾರ ಇಳಿಸಬೇಕು. ಈ ಲೆಕ್ಕ ನನಗೆ ತುಂಬಾ ಧೈರ್ಯ ಕೊಟ್ಟಿತು.

ಇಂಜೆಕ್ಷನ್ ಬಿಟ್ಟಿದ್ದು ಸರಿಯಾ ಅಂತ ಮಧ್ಯೆ ಅನುಮಾನ ಬಂದಿದ್ದು ಹೌದು. ಆಗ ಫಿಸಿಯೋ ಒಂದು ಅಧ್ಯಯನದ ಬಗ್ಗೆ ಹೇಳಿದರು. ಆಸ್ಟ್ರೇಲಿಯಾದಲ್ಲಿ ಇದೇ ತೊಂದರೆ ಇದ್ದ 204 ಜನರ ಮೇಲೆ ಮಾಡಿದ್ದು, 2018ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎಂಟು ವಾರಕ್ಕೆ ಸುಧಾರಿಸಿದೆ ಅಂದವರು ವ್ಯಾಯಾಮ ಮತ್ತು ತಿಳಿವಳಿಕೆ ಪಡೆದವರಲ್ಲಿ ನೂರಕ್ಕೆ ಸುಮಾರು 77, ಇಂಜೆಕ್ಷನ್ ಪಡೆದವರಲ್ಲಿ 58, ಸುಮ್ನೆ ಕಾದವರಲ್ಲಿ 29. ವರ್ಷದ ನಂತರ ನೋವಿನ ತೀವ್ರತೆಯಲ್ಲಿ ಮೊದಲ ಎರಡು ಗುಂಪುಗಳಿಗೆ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ, ಆದರೂ ಒಟ್ಟಾರೆ ಸುಧಾರಣೆ ಅಂದಾಗ ವ್ಯಾಯಾಮದವರೇ ಮುಂದೆ. ನನಗೆ ಅಷ್ಟು ಸಾಕಾಯಿತು.

ಅತ್ತೆ "ಓಟ ಬಿಟ್ಟುಬಿಡಮ್ಮ" ಅಂತ ಹೇಳುತ್ತಲೇ ಇದ್ದರು. ಫಿಸಿಯೋ ಪೂರ್ತಿ ಬಿಡಿಸಲಿಲ್ಲ. ಅರ್ಧ ಗಂಟೆ ಬಿರುಸಾಗಿ ನಡೆದು ರಾತ್ರಿ ನೋವಿಲ್ಲದೆ ಮಲಗಿದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಅದೂ ದಿನ ಬಿಟ್ಟು ದಿನ, ಸಮತಟ್ಟು ನೆಲದಲ್ಲಿ. ನನ್ನ ಓಟದ ವಿಡಿಯೋ ನೋಡಿದಾಗ ಎರಡೂ ಪಾದ ಒಂದೇ ಗೆರೆ ಮೇಲೆ ಬೀಳುತ್ತಿದ್ದವು. ರಸ್ತೆ ಅಂಚಿನ ಬಿಳಿ ಪಟ್ಟಿ ಹಿಡಿದೇ ಓಡುವ ಅಭ್ಯಾಸ ನನ್ನದು, ಅಲ್ಲಿ ರಸ್ತೆ ಚರಂಡಿ ಕಡೆಗೆ ಇಳಿಜಾರು ಬೇರೆ. ಪಾದ ಸ್ವಲ್ಪ ಅಗಲಿಸಿ, ಹೆಜ್ಜೆ ಚಿಕ್ಕದು ಮಾಡಿ, ನಿಮಿಷಕ್ಕೆ ಹಾಕುವ ಹೆಜ್ಜೆ ಐದರಿಂದ ಹತ್ತು ಪ್ರತಿಶತ ಹೆಚ್ಚಿಸಿ ಅಂದರು. ಈಗ ಕುಕ್ಕರಹಳ್ಳಿ ಕೆರೆ ಏರಿಯ ಮಣ್ಣು ದಾರಿಯಲ್ಲೇ ಓಡುತ್ತೇನೆ.

ಒಂದು ಎಚ್ಚರಿಕೆ. ನೋವು ಪಕ್ಕದಲ್ಲಿ ಅಲ್ಲದೆ ತೊಡೆ ಸಂದಿಯಲ್ಲಿದ್ದು, ಕಾಲೂರಿದಾಗ, ಓಡುವಾಗ ಹೆಚ್ಚುತ್ತಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ತೊಡೆ ಮೂಳೆಯ ಕುತ್ತಿಗೆಯಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೂ ಹಾಗಾಗುತ್ತದೆ. ಅದು ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐ ಬೇಕಾಗಬಹುದು, ಅದರ ಮೇಲೆ ಓಡಿದರೆ ಮೂಳೆ ಮುರಿಯುವ ಅಪಾಯ ಇದೆ.

ನನಗೆ ಪೂರ್ತಿ ಸರಿಹೋಗಲು ತಿಂಗಳುಗಳೇ ಹಿಡಿದವು, ಟೆಂಡನ್‌ಗೆ ಅವಸರ ಇಲ್ಲ. ಬ್ಯಾಂಡ್ ವ್ಯಾಯಾಮ ಈಗಲೂ ವಾರಕ್ಕೆರಡು ಸಲ ಇದೆ. ಹಾಫ್ ಮ್ಯಾರಥಾನ್ ಇನ್ನೂ ಓಡಿಲ್ಲ, ಹತ್ತು ಕಿಲೋಮೀಟರ್ ಆರಾಮಾಗಿ ಆಗುತ್ತೆ. ಬೆಟ್ಟದ ಮೆಟ್ಟಿಲನ್ನು ಹತ್ತುತ್ತೇನೆ, ಇಳಿಯುವುದು ಮಾತ್ರ ಸಿಟಿ ಬಸ್ಸಿನಲ್ಲಿ.