ರವಿಗೆ ಮಾತ್ರ ಫೈಲ್ ತೆರೆಯಬೇಕೇ? ಲಿನಕ್ಸ್‌ನಲ್ಲಿ ಎಸಿಎಲ್ ಹಾಕುವುದು ಹೀಗೆ

ಒಂದೇ ಲಿನಕ್ಸ್ ಕಂಪ್ಯೂಟರನ್ನು ನಾಲ್ಕೈದು ಜನ ಬಳಸುವ ಕಡೆ ಈ ಮಾತು ಆಗಾಗ ಕೇಳಿಬರುತ್ತದೆ: "ಫೈಲ್ ಓಪನ್ ಆಗ್ತಿಲ್ಲ, ಪರ್ಮಿಶನ್ ಡಿನೈಡ್ ಅಂತ ಬರ್ತಿದೆ." ಆಗ ಯಾರೋ ಒಬ್ಬರು ಬಂದು ಸಿಎಚ್‌ಮಾಡ್ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಕೊಡುವ ಕಮಾಂಡ್, ಹೊಡೆಯುತ್ತಾರೆ. ಫೈಲ್ ತೆರೆಯುತ್ತದೆ, ನಿಜ. ಆದರೆ ಆ ಕಂಪ್ಯೂಟರಿನಲ್ಲಿ ಖಾತೆ ಇರುವ ಎಲ್ಲರೂ ಇನ್ನು ಅದನ್ನು ಓದಬಹುದು, ತಿದ್ದಬಹುದು. ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ಹೀಗೆ ತೆರೆದಿಟ್ಟಿದ್ದ ಸಂಬಳದ ಫೈಲ್ ಮೇಲೆ ಯಾರೋ ಗೊತ್ತಿಲ್ಲದೆ ಹಳೇ ತಿಂಗಳಿನದನ್ನು ಸೇವ್ ಮಾಡಿಬಿಟ್ಟರು. ಎರಡು ರಾತ್ರಿ ಕೂತು ಲೆಕ್ಕವನ್ನು ಮತ್ತೆ ಟೈಪ್ ಮಾಡಿದೆವು. ಅವತ್ತಿನಿಂದ ನಾನು 777 ಮುಟ್ಟಿಲ್ಲ.

ಲಿನಕ್ಸ್‌ನ ಹಳೇ ಪದ್ಧತಿಯಲ್ಲಿ ಒಂದು ಫೈಲ್‌ಗೆ ಒಬ್ಬ ಮಾಲೀಕ, ಒಂದು ಗುಂಪು, ಉಳಿದವರೆಲ್ಲ ಸೇರಿ 'ಇತರರು'. ಇಷ್ಟೇ. ಸುಮಾ ಅವರ ಸಂಬಳದ ಫೈಲ್ 'ಲೆಕ್ಕ' ಗುಂಪಿನಲ್ಲಿದೆ ಅನ್ನೋಣ. ಆಡಿಟ್‌ಗೆ ಬಂದ ರವಿ ಅದನ್ನು ಸುಮ್ನೆ ಓದಬೇಕು. ಅವರನ್ನು ಗುಂಪಿಗೆ ಸೇರಿಸಿದರೆ ಆ ಗುಂಪಿನ ಬೇರೆ ಫೈಲ್‌ಗಳೂ ಅವರಿಗೆ ತೆರೆದುಕೊಳ್ಳುತ್ತವೆ. ಇಂಥ ಕಡೆಗೇ ಎಸಿಎಲ್ ಇರುವುದು: ಯಾರಿಗೆ ಏನು ಅನುಮತಿ ಎಂದು ಹೆಸರು ಹಿಡಿದು ಬರೆದ ಪಟ್ಟಿ. 1990ರ ದಶಕದಲ್ಲಿ, ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಮಾನದಂಡ ಬರೆಯುವ ಪಾಸಿಕ್ಸ್ ಸಮಿತಿ ಇದಕ್ಕೊಂದು ಮಾನದಂಡ ಬರೆಯಲು ಹೊರಟು, ಕರಡಿನಲ್ಲೇ ಕೈಬಿಟ್ಟಿತು. ಆದರೂ ಆ ಕರಡನ್ನೇ ಹಿಡಿದು ಕೆಲಸ ಮುಂದುವರಿಯಿತು. 2003ರಲ್ಲಿ ಬಂದ 2.6 ಕರ್ನಲ್‌ನಿಂದ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು ಭಾಗ) ಇದು ಲಿನಕ್ಸ್‌ನ ಒಳಗೇ ಇದೆ.

ಮೊದಲು 'ಎಸಿಎಲ್' ಎಂಬ ಪ್ಯಾಕೇಜ್ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಕೊಳ್ಳಿ. ಅದರಲ್ಲಿ ನಮಗೆ ಬೇಕಾದ ಕಮಾಂಡ್ ಎರಡು: ಪಟ್ಟಿ ಬರೆಯಲು ಸೆಟ್‌ಎಫ್‌ಎಸಿಎಲ್, ಓದಲು ಗೆಟ್‌ಎಫ್‌ಎಸಿಎಲ್. ಇಲ್ಲಿ ಕನ್ನಡದಲ್ಲಿ ಕೊಟ್ಟಿರುವುದನ್ನು ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು.

ರವಿಗೆ ಓದುವ ಅನುಮತಿ ಕೊಡೋಣ:

ಸೆಟ್‌ಎಫ್‌ಎಸಿಎಲ್ -ಎಂ ಯು:ರವಿ:ಆರ್ ಸಂಬಳ.ಸಿಎಸ್‌ವಿ

'ಎಂ' ಎಂದರೆ ಪಟ್ಟಿಯನ್ನು ಬದಲಿಸು, 'ಯು' ಎಂದರೆ ಬಳಕೆದಾರ, 'ಆರ್' ಎಂದರೆ ಓದು. ಈಗ ಫೈಲ್‌ಗಳ ವಿವರ ತೋರಿಸುವ ಎಲ್ಎಸ್ -ಎಲ್ ಕೊಟ್ಟರೆ ಅನುಮತಿ ಸಾಲಿನ ಕೊನೆಯಲ್ಲಿ ಒಂದು + ಚಿಹ್ನೆ ಕಾಣುತ್ತದೆ. ಈ ಫೈಲ್‌ಗೆ ಪಟ್ಟಿ ಇದೆ ಎನ್ನಲು ಅದೊಂದೇ ಗುರುತು. ಗೆಟ್‌ಎಫ್‌ಎಸಿಎಲ್ ಕೊಟ್ಟರೆ ಪೂರ್ತಿ ಪಟ್ಟಿ ಬರುತ್ತದೆ:

ಯೂಸರ್::ಆರ್‌ಡಬ್ಲ್ಯೂ-
ಯೂಸರ್:ರವಿ:ಆರ್--
ಗ್ರೂಪ್::ಆರ್--
ಮಾಸ್ಕ್::ಆರ್--
ಅದರ್::---

ನಾಲ್ಕನೇ ಸಾಲು ನೋಡಿ. ನೀವು ಮಾಸ್ಕ್ ಬರೆದೇ ಇಲ್ಲ, ಆದರೂ ಬಂದು ಕೂತಿದೆ ಅಲ್ವಾ? ಜಾಸ್ತಿ ಜನ ಎಡವುವುದು ಇಲ್ಲೇ. ಮಾಲೀಕರನ್ನೂ ಇತರರನ್ನೂ ಬಿಟ್ಟು, ಪಟ್ಟಿಯಲ್ಲಿರುವ ಉಳಿದ ಎಲ್ಲರಿಗೂ ಮಾಸ್ಕ್ ಒಂದು ಮಿತಿ. ಅದನ್ನು ಮೀರಿದ ಅನುಮತಿ ಪಟ್ಟಿಯಲ್ಲಿ ಬರೆದಿದ್ದರೂ ಸಿಗುವುದಿಲ್ಲ.

ಒಮ್ಮೆ ಮಾಡಿ ನೋಡಿ. ರವಿಗೆ 'ಆರ್‌ಡಬ್ಲ್ಯೂ', ಅಂದರೆ ಬರೆಯುವ ಅನುಮತಿಯನ್ನೂ ಕೊಡಿ. ಮಾಸ್ಕ್ ತಾನಾಗಿ ಆರ್‌ಡಬ್ಲ್ಯೂ ಆಗುತ್ತದೆ. ಈಗ ಎಲ್ಎಸ್‌ನಲ್ಲಿ ಗುಂಪಿನ ಜಾಗದಲ್ಲೂ ಆರ್‌ಡಬ್ಲ್ಯೂ ಕಾಣುತ್ತದೆ. 'ಲೆಕ್ಕ' ಗುಂಪಿಗೆ ನಾನು ಯಾವಾಗ ಬರೆಯಲು ಬಿಟ್ಟೆ ಎಂದು ಗಾಬರಿಯಾಗಬೇಡಿ, ಅಲ್ಲಿ ಕಾಣುವುದು ಮಾಸ್ಕ್, ಗುಂಪಿನ ಅನುಮತಿ ಅಲ್ಲ. ಗಾಬರಿಯಾದವರು ಗುಂಪಿಗೆ ಓದುವುದಷ್ಟೇ ಉಳಿಸಲು ಸಿಎಚ್‌ಮಾಡ್ 640 ಹೊಡೆಯುತ್ತಾರೆ. ಆಗ ಬದಲಾಗುವುದೂ ಮಾಸ್ಕೇ! ಪಟ್ಟಿಯಲ್ಲಿ ರವಿಯ ಮುಂದೆ ಆರ್‌ಡಬ್ಲ್ಯೂ ಹಾಗೇ ಇರುತ್ತದೆ, ಪಕ್ಕದಲ್ಲಿ 'ಎಫೆಕ್ಟಿವ್: ಆರ್--' ಎಂದು ಸೇರಿಕೊಳ್ಳುತ್ತದೆ. ರವಿಗೆ ಬರೆಯಲು ಆಗುವುದಿಲ್ಲ. ಆದ್ದರಿಂದ + ಕಂಡ ಫೈಲ್‌ಗೆ ಸಿಎಚ್‌ಮಾಡ್ ಮುಟ್ಟುವ ಮುಂಚೆ ಗೆಟ್‌ಎಫ್‌ಎಸಿಎಲ್ ನೋಡಿ. ದಯವಿಟ್ಟು ಇದನ್ನು ಅಭ್ಯಾಸ ಮಾಡಿಕೊಳ್ಳಿ.

ಕರ್ನಲ್ ಈ ಪಟ್ಟಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಫೈಲ್ ಕೇಳಿದವರು ಮಾಲೀಕರಾ? ಹಾಗಾದರೆ ಮಾಲೀಕರ ಸಾಲು ಮಾತ್ರ ನೋಡುತ್ತದೆ. ಅಲ್ಲವೇ? ಅವರ ಹೆಸರಿನ ಸಾಲು ಇದೆಯಾ ಹುಡುಕುತ್ತದೆ. ಸಿಕ್ಕರೆ ಅಲ್ಲೇ ತೀರ್ಮಾನ. ಇಲ್ಲದಿದ್ದರೆ ಗುಂಪುಗಳು, ಯಾವ ಗುಂಪೂ ಹೊಂದದಿದ್ದರೆ ಕೊನೆಗೆ ಇತರರು. ಇದರಿಂದ ಒಂದು ಉಪಯೋಗವಿದೆ: ಎಲ್ಲರೂ ಓದಬಹುದಾದ ಫೈಲನ್ನು ಒಬ್ಬರಿಗೆ ಮಾತ್ರ ಮುಚ್ಚಬೇಕಾದರೆ, ಅವರ ಹೆಸರಿನ ಮುಂದೆ ಅನುಮತಿಯ ಜಾಗದಲ್ಲಿ ಬರೀ --- ಹಾಕಿದರೆ ಸಾಕು. ಈ ತಪಾಸಣೆ ನಡೆಯುವುದು ಫೈಲ್ ತೆರೆಯುವಾಗ. ಆಗಲೇ ತೆರೆದುಕೊಂಡು ಕೂತವರಿಗೆ ನೀವು ಈಗ ಮಾಡಿದ ಬದಲಾವಣೆ ತಟ್ಟುವುದಿಲ್ಲ. ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರರನ್ನು ಎಸಿಎಲ್ ತಡೆಯುವುದೂ ಇಲ್ಲ.

ಇಷ್ಟೆಲ್ಲ ಮಾಡಿಯೂ ರವಿಗೆ ಫೈಲ್ ತೆರೆಯದಿದ್ದರೆ ಫೋಲ್ಡರ್ ನೋಡಿ. ಫೈಲ್‌ವರೆಗಿನ ಪ್ರತಿ ಫೋಲ್ಡರ್ ಮೇಲೂ ಅವರಿಗೆ 'ಎಕ್ಸ್', ಅಂದರೆ ದಾಟಿಹೋಗುವ ಅನುಮತಿ ಬೇಕು. ನಡುವಿನ ಒಂದು ಬಾಗಿಲು ಹಾಕಿದ್ದರೂ ಒಳಮನೆಯ ಬೀಗದ ಕೈ ಇದ್ದು ಏನು ಪ್ರಯೋಜನ?

ಮುಂದೆ ಸೇರುವ ಹೊಸ ಫೈಲ್‌ಗಳಿಗೂ ಇದೇ ಅನುಮತಿ ಬರಬೇಕಾದರೆ ಫೋಲ್ಡರ್‌ಗೆ ಡಿಫಾಲ್ಟ್ ಪಟ್ಟಿ ಹಾಕಿ:

ಸೆಟ್‌ಎಫ್‌ಎಸಿಎಲ್ -ಎಂ ಡಿ:ಯು:ರವಿ:ಆರ್‌ಎಕ್ಸ್ ಲೆಕ್ಕಪತ್ರ

ಈ ಕೊನೆಯ 'ಎಕ್ಸ್' ಮಾತ್ರ ದೊಡ್ಡಕ್ಷರ. ಇದು ಆಗಲೇ ಇರುವ ಫೈಲ್‌ಗಳಿಗೆ ಅನ್ವಯಿಸುವುದಿಲ್ಲ, ಅವುಗಳಿಗೆ ದೊಡ್ಡಕ್ಷರದ -ಆರ್ ಸೇರಿಸಿ, 'ಡಿ:' ಬಿಟ್ಟು, ಬೇರೆಯಾಗಿ ಕಮಾಂಡ್ ಕೊಡಬೇಕು. ಅದೇ ಡಿಸ್ಕ್‌ನ ಬೇರೆ ಫೋಲ್ಡರಿನಿಂದ ಎಂವಿ (ಜಾಗ ಬದಲಿಸುವ ಕಮಾಂಡ್) ಮಾಡಿ ತಂದ ಫೈಲ್ ಕೂಡ ತನ್ನ ಹಳೇ ಅನುಮತಿಯನ್ನೇ ಹೊತ್ತು ತರುತ್ತದೆ.

ನಕಲು ಮಾಡುವಾಗಲೂ ಎಚ್ಚರ ಬೇಕು. ಬರೀ ಸಿಪಿ ಕೊಟ್ಟರೆ ಪಟ್ಟಿ ಜೊತೆಗೆ ಬರುವುದಿಲ್ಲ, ಸಿಪಿ -ಎ ಬಳಸಿ. ಬ್ಯಾಕಪ್‌ಗೆ ಬಳಸುವ ಆರ್‌ಸಿಂಕ್‌ಗೆ ದೊಡ್ಡಕ್ಷರದ -ಎ, ಫೈಲ್‌ಗಳನ್ನು ಒಂದೇ ಕಟ್ಟು ಮಾಡುವ ಟಾರ್‌ಗೆ --ಎಸಿಎಲ್ಎಸ್ ಬೇಕು. ಫ್ಯಾಟ್ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ನಲ್ಲಿ ಈ ಪಟ್ಟಿ ಉಳಿಯುವುದೇ ಇಲ್ಲ.

ಆಡಿಟ್ ಮುಗಿದ ದಿನ ರವಿಯ ಸಾಲನ್ನು ತೆಗೆಯಲು ಸೆಟ್‌ಎಫ್‌ಎಸಿಎಲ್ -ಎಕ್ಸ್ ಯು:ರವಿ, ಆಮೇಲೆ ಫೈಲ್ ಹೆಸರು. ಫೋಲ್ಡರ್‌ನಲ್ಲಿ ಡಿಫಾಲ್ಟ್ ಹಾಕಿದ್ದರೆ 'ಡಿ:ಯು:ರವಿ' ಎಂದು ಅದನ್ನೂ ತೆಗೆಯಿರಿ. ಅದು ಉಳಿದುಬಿಟ್ಟರೆ ಮುಂದಿನ ತಿಂಗಳು ಮಾಡುವ ಹೊಸ ಫೈಲ್‌ನಲ್ಲಿ ರವಿಯ ಹೆಸರು ಮತ್ತೆ ಬಂದು ಕೂರುತ್ತದೆ.