ಬಿಲ್ಲಿನ ತುದಿಗೆ ಜಿಂಕೆ ಕೊಂಬು: ಮೂರು ಸಲ ಕಿತ್ತು ಬಂದ ಮೇಲೆ

ಹೆದೆ ಕೂರುವ ಬಿಲ್ಲಿನ ತುದಿ ಸವೆಯದಿರಲಿ ಅಂತ ಅಲ್ಲಿಗೆ ಜಿಂಕೆ ಕೊಂಬಿನ ತುಂಡು ಅಂಟಿಸುತ್ತೇನೆ. "ಪಿನ್ (ಸಣ್ಣ ಮೊಳೆ) ಹೊಡೆಯದೆ ಕೊಂಬು ನಿಲ್ಲಲ್ಲ" ಅಂತ ಜೊತೆಯಲ್ಲಿ ಬಾಣ ಬಿಡುವವರೆಲ್ಲ ಹೇಳಿದ್ದರು. ಈಗ ನನ್ನ ಹತ್ತಿರ ಐದು ಬಿಲ್ಲು, ಹತ್ತು ತುದಿ. ಒಂದಕ್ಕೂ ಪಿನ್ ಇಲ್ಲ. ಅವುಗಳಲ್ಲಿ ಮೊದಲನೆಯ ಹಿಕರಿ ಮರದ ಬಿಲ್ಲೊಂದರಲ್ಲೇ ಎರಡು ಸಾವಿರ ಬಾಣವಾದರೂ ಬಿಟ್ಟಿರಬೇಕು.

ನಾನಿರುವುದು ಮಿನ್ನೆಸೋಟದಲ್ಲಿ. ಇಲ್ಲಿ ಜಿಂಕೆ ಉದುರಿಸಿದ ಕೊಂಬನ್ನು ಜಮೀನಿನವರ ಒಪ್ಪಿಗೆ ಪಡೆದು ಆಯ್ದುಕೊಳ್ಳಬಹುದು. ಊರಲ್ಲಿ, ಅಂದರೆ ಭಾರತದಲ್ಲಿ, ಮಾತ್ರ ಇದಕ್ಕೆ ಕೈ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ, ಸುಮ್ನೆ ಕೇಸು ಮೈಮೇಲೆ ಎಳೆದುಕೊಳ್ಳುತ್ತೀರಿ.

ಮೊದಲ ಸಲ ಸೂಪರ್ ಗ್ಲೂ ಹಾಕಿದೆ. ಗಟ್ಟಿಯಾಗಿಯೇ ಕೂತಿತ್ತು. ಆಕಾರ ಕೊಡೋಣ ಅಂತ ಬೆಲ್ಟ್ ಸ್ಯಾಂಡರಿಗೆ ಒತ್ತಿದೆ, ಕೊಂಬು ಕೈ ಸುಡುವಷ್ಟು ಬಿಸಿಯಾಯಿತು. ಮಾರನೆ ದಿನ ಹೆದೆ ಏರಿಸುವಾಗ 'ಟಕ್' ಅಂತ ಹಾರಿ ಕಾರಿನ ಕೆಳಗೆ ಹೋಯಿತು.

ಎರಡನೆಯದು ಎಪಾಕ್ಸಿ, ಎರಡು ದ್ರವ ಬೆರೆಸಿ ಹಚ್ಚುವ ಅಂಟು, ಐದೇ ನಿಮಿಷದಲ್ಲಿ ಗಟ್ಟಿಯಾಗುವಂಥದ್ದು. ಕ್ಲ್ಯಾಂಪನ್ನು ಜಾಸ್ತಿ ಬಿಗಿದೆ, ಅಂಟೆಲ್ಲ ಹೊರಗೆ ಬಂತು. ಒಳಗೆ ಉಳಿದದ್ದು ಒಣ ಮರ, ಒಣ ಕೊಂಬು. ಮೂರೇ ದಿನ.

ಮೂರನೆಯದು ನನ್ನ ಜಿಪುಣತನ. ನಾಯಿ ಕಡಿಯಲಿ ಅಂತ ಪೆಟ್ ಅಂಗಡಿಯಲ್ಲಿ ಸೀಳಿದ ಕೊಂಬು ಸಿಗುತ್ತದಲ್ವಾ, ಹದಿನೈದು ಡಾಲರೋ ಏನೋ. ಒಂದು ಮುಖ ಸಪಾಟಾಗಿಯೇ ಇರುತ್ತದೆ, ಗರಗಸದ ಕೆಲಸ ಉಳಿಯಿತು ಅಂದುಕೊಂಡೆ. ಆದರೆ ನಡುವಿನ ಭಾಗ ರಸ್ಕಿನ ಹಾಗೆ ತೂತು ತೂತು. ಅಂಟನ್ನೆಲ್ಲ ಕುಡಿದುಬಿಟ್ಟಿತು. ಈ ಸಲ ತುದಿಯ ಮರವನ್ನೂ ಸೀಳಿಕೊಂಡೇ ಬಂತು. ಬಿಲ್ಲು ಕೆತ್ತಿದ್ದ ಇಪ್ಪತ್ತೈದು ಡಾಲರಿನ ಹಲಗೆ, ಮೂರು ವಾರಾಂತ್ಯ, ಎಲ್ಲ ಹೋಯಿತು.

ಈಗ ಕೊಂಬಿನ ಕವಲಿನ ಕೊನೆಯ ಎರಡು ಇಂಚು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಅಲ್ಲಿ ತೂತಿಲ್ಲ, ದಂತದಷ್ಟು ಗಟ್ಟಿ. ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಕೊಂಬಿನದು, ಮರದ್ದು ಎರಡೂ ಮುಖ ಉಜ್ಜುತ್ತೇನೆ. ಬೆಳಕಿಗೆ ಹಿಡಿದರೆ ಸಂದು ಕಾಣಬಾರದು. ಆಮೇಲೆ ಹ್ಯಾಕ್ಸಾ ಬ್ಲೇಡನ್ನು ಅಡ್ಡಡ್ಡ ಎಳೆದು ಗೀರು ಹಾಕಿ, ಜಿಡ್ಡು ಹೋಗಲಿ ಅಂತ ಅಸಿಟೋನಿನಲ್ಲಿ ಒರೆಸಿ, ಇಪ್ಪತ್ತನಾಲ್ಕು ಗಂಟೆಯ ಎಪಾಕ್ಸಿ ಹಚ್ಚುತ್ತೇನೆ. ಎಪಾಕ್ಸಿಗೆ ಒಂದು ಪುಡಿ ಬೆರೆಸುತ್ತೇನೆ. ಯಾವುದು ಅಂತ ಇಲ್ಲಿ ಹೇಳಲ್ಲ. ಕ್ಲ್ಯಾಂಪ್ ಬೇಡವೇ ಬೇಡ, ಹಳೇ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಸುತ್ತಿದರೆ ಸಾಕು. ನಮ್ಮ ಗ್ಯಾರೇಜು ಜನವರಿಯಲ್ಲಿ ಫ್ರೀಜರು, ಅಂಟು ಗಟ್ಟಿಯಾಗುವುದೇ ಇಲ್ಲ. ಹಾಗಾಗಿ ಬಿಲ್ಲು ಎರಡು ದಿನ ಮನೆಯೊಳಗೆ, ನೀರಿನ ಹೀಟರಿನ ಪಕ್ಕ.

ಆಮೇಲಿನದ್ದೆಲ್ಲ ಕೈಯಲ್ಲಿ, ಅರದಿಂದಲೇ. ಕೊಂಬಿನ ಧೂಳು ಏಳುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಹಲ್ಲಿನ ಡಾಕ್ಟರು ಡ್ರಿಲ್ ಹಾಕಿದಾಗ ಬರುವ ವಾಸನೆಯೇ ಇದಕ್ಕೂ. ಒಮ್ಮೆ ಅಡುಗೆಮನೆಯಲ್ಲಿ ಉಜ್ಜಿ ಹೆಂಡತಿ ಕೈಲಿ ಬೈಸಿಕೊಂಡಿದ್ದೇನೆ.

ನಡುವೆ ತೆಂಗಿನ ಚಿಪ್ಪನ್ನೂ ನೋಡಿದೆ. ಪಾಲಿಶ್ ಮಾಡಿದರೆ ಕಪ್ಪಗೆ ಮಿಂಚುತ್ತದೆ, ಅಂಟೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಡೊಂಕು ತೆಗೆದು ಸಪಾಟು ಮಾಡುವಷ್ಟರಲ್ಲಿ ಬಿಲ್ಲೆಯಷ್ಟು ತೆಳ್ಳಗಾಗುತ್ತದೆ. ಎರಡು ಪದರ ಕೂಡಿಸಿ ಮಗಳ ಹದಿನೈದು ಪೌಂಡು ಎಳೆತದ ಬಿಲ್ಲಿಗೆ ಹಾಕಿದ್ದೇನೆ. ಇನ್ನೂ ಬಿದ್ದಿಲ್ಲ.

ಪಿನ್ ಬೇಕೇ ಬೇಕು ಅಂದಿದ್ದ ಹಿರಿಯರೊಬ್ಬರು ಹೋದ ತಿಂಗಳು ನನ್ನ ಬಿಲ್ಲಿನ ತುದಿಯನ್ನು ಉಗುರಿನಲ್ಲಿ ಕೆರೆದು ಕೆರೆದು ನೋಡಿದರು. ಅಂಟಿನ ಗೆರೆ ಸಿಗಲಿಲ್ಲ. "ಆ ಪುಡಿ ಯಾವುದಪ್ಪಾ?" ಅಂದರು. ನಕ್ಕು ಸುಮ್ಮನಾದೆ.