ಪಕ್ಕದ ಮನೆಗೆ ಕಿರಿಕಿರಿಯಾಗದಂತೆ ಮಾಳಿಗೆ ಮೇಲೆ ಹ್ಯಾಮ್ ಆಂಟೆನಾ: ನನ್ನ ಅನುಭವ

ನಮ್ಮ ಮನೆ ಧಾರವಾಡದ ಒಂದು ಹಳೆ ಬಡಾವಣೆಯಲ್ಲಿದೆ. 40x60 ಸೈಟು, ಮೂರು ಕಡೆ ಮನೆಗಳು. ಇಂಥ ಕಡೆ ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ದೂರದವರೊಡನೆ ಮಾತಾಡುವ ರೇಡಿಯೊ) ಆಂಟೆನಾ ಏರಿಸಿದರೆ ಓಣಿಯವರು ಮೊದಲು ಕೇಳುವುದು "ಇದು ಮೊಬೈಲ್ ಟವರ್ ಏನ್ರೀ?" ಅಂತ, ಆಮೇಲೆ "ನಮ್ಮ ಟಿವಿಗೆ ಏನರ ಆಗ್ತದೇನು?" ಅಂತ. ಮೊದಲನೇದಕ್ಕೆ ಕೇಂದ್ರ ಸರ್ಕಾರದ ಲೈಸೆನ್ಸ್ ತೋರಿಸಿದರೆ ಸಾಕು, ಅದರ ಮೇಲೆ ಮನೆ ವಿಳಾಸವೇ ಇರುತ್ತದೆ. ಎರಡನೇದಕ್ಕೆ ಬಾಯಿಮಾತು ನಡೆಯೋದಿಲ್ಲ, ಕೆಲಸ ಮಾಡಿಯೇ ತೋರಿಸಬೇಕು.

ನಾನು ಹಾಕಿದ್ದು 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಸುತ್ತಿನ) ಡೈಪೋಲ್, ಅಂದರೆ ನಡುವೆ ಕೇಬಲ್ ಸೇರಿ ಎರಡೂ ಕಡೆ ಸಮನಾಗಿ ತಂತಿ ಚಾಚಿದ ಆಂಟೆನಾ, ತಲೆಕೆಳಗಾದ ವಿ ಆಕಾರದ್ದು. ಒಂದೇ ತುದಿಯಿಂದ ತಂತಿ ಎಳೆಯುವ ಎಂಡ್ ಫೆಡ್ ಆಂಟೆನಾ ಸುಲಭ ಅಂತ ಸುಮಾರು ಜನ ಹೇಳಿದರು. ಸುಲಭ ನಿಜ, ಆದರೆ ಅದರಲ್ಲಿ ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್ಲಿನ ಹೊರಮೈ ಮೇಲೂ ಕರೆಂಟ್ ಜಾಸ್ತಿ ಹರಿಯುತ್ತದೆ. ಅಂದರೆ ಮಾಳಿಗೆಯಿಂದ ಗೋಡೆಗುಂಟ ಇಳಿದು ಬರುವ ಕೇಬಲ್ಲೇ ಇನ್ನೊಂದು ಆಂಟೆನಾ ಆಗುತ್ತದೆ, ಅದೂ ಪಕ್ಕದವರ ಹಾಲ್‌ಗೆ ಎದುರಾಗಿ. ಒತ್ತಾಗಿ ಮನೆಗಳಿರುವಲ್ಲಿ ಅದು ಬೇಡ ಅನ್ನಿಸಿತು.

ಲೆಕ್ಕ ಸರಳ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಬರುತ್ತದೆ. 7.1ಕ್ಕೆ ಸುಮಾರು 20.1 ಮೀಟರ್, ಒಂದೊಂದು ಕಡೆ 10ರ ಹತ್ತಿರ. ನಾನು ಬಳಸಿದ್ದು ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ವೈರು. ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಉದ್ದ ಸ್ವಲ್ಪ ಕಡಿಮೆಯೇ ಸಾಕಾಗುತ್ತದೆ, ನನಗೆ ಶೇ. 3ರಷ್ಟು ಕಡಿಮೆ ಬಂತು. ಕತ್ತರಿಸುವ ಅವಸರ ಬೇಡ, ತುದಿಯನ್ನು ಮಡಚಿ ಸುತ್ತಿ, ಆಂಟೆನಾ ಎಷ್ಟು ಮೆಗಾಹರ್ಟ್ಸ್‌ಗೆ ಹೊಂದಿದೆ ಅಂತ ತೋರಿಸುವ ಮೀಟರ್ ನ್ಯಾನೊ ವಿಎನ್‌ಎ ನೋಡುತ್ತಾ ಹೊಂದಿಸಿ. ಇದೇ ತಂತಿ 21 ಮೆಗಾಹರ್ಟ್ಸ್‌ನಲ್ಲೂ ಕೆಲಸ ಮಾಡುತ್ತದೆ, ಅದು ಪುಕ್ಕಟೆ ಸಿಕ್ಕ ಬ್ಯಾಂಡು.

ನಡುವಿನ ಕಂಬಕ್ಕೆ 20 ಅಡಿಯ ಜಿಐ ಪೈಪು. ಆಷಾಢದ ಗಾಳಿ ನಮ್ಮಲ್ಲಿ ಹೇಗಿರುತ್ತದೆ ಅಂತ ಗೊತ್ತಲ್ವಾ, ಹಂಗಾಗಿ ಮೂರು ಕಡೆಯಿಂದ ಹಗ್ಗ ಬಿಗಿದಿದ್ದೇನೆ. ತಂತಿಯ ತುದಿಗಳು ಮಾಳಿಗೆಯಲ್ಲಿ ನಿಂತವರ ಕೈಗೆ ಎಟುಕಬಾರದು, ಮಾತಾಡುವಾಗ ಅಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತದೆ, ಮುಟ್ಟಿದರೆ ಚರ್ಮ ಸುಡುತ್ತದೆ. ತಂತಿ ಹರಿದು ಬಿದ್ದರೂ ಕರೆಂಟ್ ಲೈನಿಗೆ ತಾಗದಷ್ಟು ದೂರ ಇರಲಿ, ಇದರಲ್ಲಿ ಹೊಂದಾಣಿಕೆ ಇಲ್ಲ. ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನೂ ತೆಗೆಸಿ ನೈಲಾನ್ ಹಗ್ಗ ಕಟ್ಟಿಸಿದೆ. ತುಕ್ಕು ಹಿಡಿದ ಜಾಯಿಂಟ್ ಇದೆಯಲ್ಲ, ಅದು ಡಯೋಡಿನ ಹಾಗೆ ವರ್ತಿಸಿ ಇಲ್ಲದ ತರಂಗಾಂತರಗಳನ್ನೆಲ್ಲ ಹುಟ್ಟಿಸುತ್ತದೆ. ಮನೆಯಲ್ಲಿ ನಂಬಲಿಲ್ಲ, ಹಗ್ಗ ಕಟ್ಟೋಕೆ ನೆಪ ಅಂದರು.

ಎಲ್ಲಕ್ಕಿಂತ ಮುಖ್ಯವಾದದ್ದು ಚೋಕ್, ಕೇಬಲ್ಲಿನ ಹೊರಮೈ ಮೇಲೆ ಹರಿಯುವ ಆ ಕರೆಂಟನ್ನು ತಡೆಯುವುದು ಇದೇ. ಎಫ್‌ಟಿ240-31 ಅನ್ನುವ ದೊಡ್ಡ ಫೆರೈಟ್ ರಿಂಗ್ ತಂದು ಅದರ ಮೇಲೆ ಆರ್‌ಜಿ-58 ಕೇಬಲ್ 12 ಸುತ್ತು ಸುತ್ತಿದೆ. ಒಂದು ಚೋಕ್ ಮೇಲೆ, ತಂತಿ ಕೇಬಲ್ಲಿಗೆ ಸೇರುವಲ್ಲಿ, ಇನ್ನೊಂದು ಕೇಬಲ್ ಕೋಣೆಯೊಳಗೆ ಬರುವ ಕಿಟಕಿ ಹತ್ತಿರ. ರಿಂಗಿನ ಬೆಲೆ ನೋಡಿ ಕೈ ಹಿಂದೆಗೆಯಬೇಡಿ. ಎತ್ತರ, ಪವರ್ ಎಲ್ಲ ಆಮೇಲೆ, ಓಣಿಯ ಶಾಂತಿ ನಿಂತಿರುವುದು ಈ ಕರಿ ಉಂಗುರದ ಮೇಲೆ.

ಎಲ್ಲ ಆದ ಮೇಲೆ ನಾನೇ ಪಕ್ಕದ ಮನೆ ಕಾಕಾರ ಹತ್ತಿರ ಹೋದೆ. "ಕಾಕಾ, ಸಂಜೀಕ ಸ್ವಲ್ಪ ಹೊತ್ತು ಮಾತಾಡ್ತೀನಿ, ನಿಮ್ಮ ಟಿವಿ, ಫೋನು ಎಲ್ಲಾ ಚಾಲೂ ಇಡ್ರಿ, ಏನಾದ್ರೂ ಆದ್ರ ಫೋನ್ ಹಚ್ರಿ" ಅಂದೆ. ದೂರು ಬರುವ ಮುಂಚೆ ಕೇಳಿದರೆ ಜನ ಜೊತೆಗಿರುತ್ತಾರೆ. ಟಿವಿ ಚಿತ್ರಕ್ಕೆ ಏನೂ ಆಗಲಿಲ್ಲ. ಆದರೆ 20 ಮೀಟರ್ ಬ್ಯಾಂಡಿಗೆಂದು (14 ಮೆಗಾಹರ್ಟ್ಸ್) ಅದೇ ಕಂಬಕ್ಕೆ ಕಟ್ಟಿದ್ದ ಇನ್ನೊಂದು ಜೋಡಿ ತಂತಿಯಲ್ಲಿ ಮಾತು ಶುರು ಮಾಡಿದ ಕೂಡಲೇ ಫೋನ್ ಬಂತು: "ತಮ್ಮಾ, ಸ್ಪೀಕರ್‌ನ್ಯಾಗ ಯಾರೋ ಬಾಯಿ ತುಂಬ ಅವಲಕ್ಕಿ ಇಟ್ಕೊಂಡು ಮಾತಾಡಿದಂಗ ಬರಾಕತ್ತದ."

ಎಸ್‌ಎಸ್‌ಬಿ (ಹ್ಯಾಮ್ ರೇಡಿಯೊದಲ್ಲಿ ಮಾತು ಕಳಿಸುವ ವಿಧಾನ) ಸಿಗ್ನಲ್ ಆಂಪ್ಲಿಫೈಯರಿಗೆ ನುಗ್ಗಿದರೆ ಹಾಗೇ ಕೇಳಿಸುವುದು, ಮಾತು ಅಂತ ಗೊತ್ತಾಗುತ್ತದೆ, ಅರ್ಥ ಆಗುವುದಿಲ್ಲ. ಮೊದಲು ಆಂಟೆನಾ ಕಳಚಿ ಡಮ್ಮಿ ಲೋಡ್ (ಪವರನ್ನು ಹೊರಗೆ ಬಿಡದೆ ಶಾಖವಾಗಿಸುವ ರೆಸಿಸ್ಟರ್) ಹಚ್ಚಿ ನೋಡಿದೆ, ಸದ್ದು ನಿಂತಿತು. ಅಂದರೆ ರೇಡಿಯೊ ಪೆಟ್ಟಿಗೆಯಿಂದಾಗಲಿ ಕರೆಂಟ್ ವೈರಿಂಗಿನಿಂದಾಗಲಿ ಸೋರಿಕೆ ಇಲ್ಲ, ಆಂಟೆನಾದಿಂದಲೇ ಹೋಗುತ್ತಿದೆ. ಹೋಗಿ ನೋಡಿದರೆ ಅವರ ಹೋಮ್ ಥಿಯೇಟರಿನ ಹಿಂದಿನ ಸ್ಪೀಕರಿಗೆ ವೈರು ಗೋಡೆಗುಂಟ ಸುತ್ತಿ ಬಂದಿದೆ, ಐದು ಮೀಟರ್ ಸರಿಸುಮಾರು. 14 ಮೆಗಾಹರ್ಟ್ಸ್‌ಗೆ ಅದು ಕಾಲು ತರಂಗದ ಉದ್ದ, ಹಿಡಿಯದೇ ಬಿಡುತ್ತದೆಯೇ! ಆಂಪ್ಲಿಫೈಯರ್ ಹಿಂಬದಿಗೆ ತೀರ ಹತ್ತಿರ, ಫೆರೈಟ್ ರಿಂಗಿನ ಮೇಲೆ ಆ ವೈರನ್ನು ಎಂಟು ಸುತ್ತು ಸುತ್ತಿ, ಉಳಿದದ್ದನ್ನು ಚಿಕ್ಕ ಮಾಡಿದೆ. ಸದ್ದು ಹೋಯಿತು. ಪೆಟ್ಟಿಗೆ ಬಿಚ್ಚುವ ಕೆಲಸಕ್ಕೆ ಮಾತ್ರ ಕೈ ಹಾಕಲಿಲ್ಲ. ಅವರ ಸಾಮಾನು, ನಾಳೆ ಏನೇ ಕೆಟ್ಟರೂ ನಮ್ಮ ತಲೆಗೇ ಬರುತ್ತದೆ.

ಪವರ್ ಬಗ್ಗೆ ಒಂದು ಮಾತು. 100 ವ್ಯಾಟ್‌ನಿಂದ 25ಕ್ಕೆ ಇಳಿಸಿದರೆ ಆ ಕಡೆ ಕೇಳುವವನ ಮೀಟರಿನಲ್ಲಿ ಇಳಿಯುವುದು ಒಂದೇ ಎಸ್ ಯೂನಿಟ್, ಅಂದರೆ ಸಿಗ್ನಲ್ ಬಲ ತೋರಿಸುವ ಮೀಟರಿನ ಒಂದೇ ಮೆಟ್ಟಿಲು. ಅವನಿಗೆ ಫರಕು ಗೊತ್ತಾಗುವುದು ಕಷ್ಟ, ಪಕ್ಕದ ಮನೆಯ ಸ್ಪೀಕರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಹಂಗಾಗಿ ಸಂಜೆ ಧಾರಾವಾಹಿ ಹೊತ್ತಿನಲ್ಲಿ ನಾನು 25ರಲ್ಲೇ ಇರುತ್ತೇನೆ.

ಇನ್ನು ಉಲ್ಟಾ ತೊಂದರೆ, ಓಣಿಯಿಂದ ನಮಗೆ ಬರುವ ಗದ್ದಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಇವೆಲ್ಲ 7 ಮೆಗಾಹರ್ಟ್ಸ್‌ನಲ್ಲಿ ಗುಂಯ್ ಅನ್ನುತ್ತವೆ. ರೇಡಿಯೊವನ್ನು ಬ್ಯಾಟರಿ ಮೇಲೆ ಇಟ್ಟು ಮನೆಯ ಮೇನ್ ಸ್ವಿಚ್ ಆರಿಸಿ ನೋಡಿ, ಗದ್ದಲ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ನಮ್ಮಲ್ಲಿ ಹಾಗೇ ಆಯಿತು, ಅಡುಗೆಮನೆ ಬಲ್ಬು ಸಿಕ್ಕಿತು. ಕಳ್ಳ ಹೊರಗಿದ್ದರೆ ಕೈಯಲ್ಲಿ ಒಂದು ಹಳೆ ಟ್ರಾನ್ಸಿಸ್ಟರ್ ಹಿಡಿದು ಓಣಿ ಸುತ್ತಿ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ ಇಲ್ಲಿ ಭಾರೀ ಜೋರು, ಅದರಿಂದ ದೂರ ಸರಿದು ಮೀಡಿಯಂ ವೇವ್‌ನ ಮೇಲಿನ ತುದಿಯಲ್ಲಿ ಖಾಲಿ ಜಾಗ ಹಿಡಿದರೆ ಚಾರ್ಜರಿನ ಗುಂಯ್‌ಗುಡುವಿಕೆ ಸ್ಪಷ್ಟವಾಗಿ ಕೇಳುತ್ತದೆ. ಕಾಕಾರ ವರಾಂಡದ ಬಲ್ಬು ಹೀಗೇ ಸಿಕ್ಕಿತು. ನಾನೇ ಒಳ್ಳೆಯದೊಂದು ತಂದು ಹಾಕಿಕೊಟ್ಟೆ, ವಾದ ಮಾಡುವುದಕ್ಕಿಂತ ಅಗ್ಗ.

ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಗೆ ಮೋಡ ಕಂಡ ಕೂಡಲೇ ಕೇಬಲ್ ಕಳಚಿ ಕಿಟಕಿಯ ಹೊರಗೆ ಇಡುತ್ತೇನೆ, ಸಿಡಿಲಿನ ಅರೆಸ್ಟರ್, ಅರ್ಥಿಂಗ್ ಎಲ್ಲ ಇದ್ದರೂ. ಕೇಬಲ್ ಜಾಯಿಂಟಿಗೆ ನೀರು ಇಳಿಯದ ಹಾಗೆ ರಬ್ಬರ್ ಟೇಪು ಸುತ್ತಿ.

ಈಗ ಪೂರ್ವದ ಕಡೆ ಮನೆಯವರು ಮೇಲೊಂದು ಅಂತಸ್ತು ಕಟ್ಟಿಸುತ್ತಿದ್ದಾರೆ. ಸ್ಲ್ಯಾಬ್ ಹಾಕಿದರೆ ನನ್ನ ತಂತಿಯ ಒಂದು ತುದಿ ಅವರ ಬೆಡ್‌ರೂಮ್ ಕಿಟಕಿ ಮಟ್ಟಕ್ಕೆ ಬರುತ್ತದೆ. ಹಂಗಾಗಿ ಆ ಕಾಲನ್ನು ದಕ್ಷಿಣದ ಮೂಲೆಗೆ ತಿರುಗಿಸುವ ಯೋಚನೆ ಇದೆ, ಅವರ ಮನೆಯ ವೈರಿಂಗ್ ಶುರುವಾಗುವ ಮುಂಚೆಯೇ.